ನೊಣದ ಅಳತೆ: ಚಳಿಗಾಲದ ವರ್ಕ್‌ಶಾಪ್‌ನಲ್ಲಿ ಜೇನು ಪೆಟ್ಟಿಗೆ

ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ನಾವೆಲ್ಲ ಮರದ ಹಾಫ್ ಲ್ಯಾಪ್ ಜಾಯಿಂಟ್ ಮಾಡಿದ್ದೇವೆ. ಸ್ವಲ್ಪ ಗ್ಯಾಪ್ ಬಂದ್ರೆ ಮರದ ಪುಡಿಗೆ ಅಂಟು ಕಲಸಿ ತುಂಬಿಸಿ, ಮೇಲೆ ಸ್ಯಾಂಡ್‌ಪೇಪರ್ ಉಜ್ಜಿ, ಮಾರ್ಕ್ಸ್ ತಗೊಂಡಿದ್ದೇವೆ. ಅದೇ ಧೈರ್ಯದ ಮೇಲೆ ಕಳೆದ ಡಿಸೆಂಬರ್ ರಜೆಯಲ್ಲಿ ನಾವು ನಾಲ್ವರು ಕೊಡಗಿನ ಗೆಳೆಯನ ಮನೆಗೆ ಹೋಗಿ ಎರಡು ಜೇನು ಪೆಟ್ಟಿಗೆ ಮಾಡಿದೆವು. ನೋಡೋಕೆ ಎರಡೂ ಒಂದೇ ಥರ ಇದ್ದವು. ಏಪ್ರಿಲ್ ಹೊತ್ತಿಗೆ ಒಂದರಲ್ಲಿ ಜೇನು ಕುಟುಂಬ ಚೆನ್ನಾಗಿ ಬೆಳೆದಿತ್ತು. ಇನ್ನೊಂದರಲ್ಲಿದ್ದ ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋಗಿತ್ತು.

ಇದು ನಮಗೆ ಬರೀ ಒಂದು ಪ್ರಾಜೆಕ್ಟ್ ಫೇಲ್ ಆದ ವಿಷಯ ಆಗಿರಲಿಲ್ಲ. ಗೆಳೆಯನ ಅಜ್ಜ ಒಂದು ಕಾಲದಲ್ಲಿ ಮೂವತ್ತಕ್ಕೂ ಹೆಚ್ಚು ಪೆಟ್ಟಿಗೆಗಳಲ್ಲಿ ತುಡುವೆ ಜೇನು ಸಾಕಿದ್ದವರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ದೊಡ್ಡ ಪ್ರಮಾಣದಲ್ಲಿ ಸಾಯಿಸಿತು. ಅಜ್ಜನ ಪೆಟ್ಟಿಗೆಗಳೂ ಖಾಲಿಯಾಗಿ ಅಟ್ಟ ಸೇರಿದವು. ಇಷ್ಟು ವರ್ಷಗಳ ನಂತರ ಮತ್ತೆ ಶುರು ಮಾಡೋಣ ಅಂತ ಅವರಿಗೆ ಆಸೆ ಬಂದಾಗ, "ನಾವು ಎಂಜಿನಿಯರ್‌ಗಳು, ಪೆಟ್ಟಿಗೆ ನಾವು ಮಾಡ್ತೀವಿ" ಅಂದವರು ನಾವೇ. ಖಾಲಿ ಪೆಟ್ಟಿಗೆ ತೆರೆದು ನೋಡಿದ ದಿನ ಅಜ್ಜ ಬೈಯಲಿಲ್ಲ. "ಪೆಟ್ಟಿಗೆ ಚಂದ ಉಂಟು ಮಕ್ಕಳೇ. ಆದ್ರೆ ಇದು ನಿಮ್ಮ ಅಳತೆ, ನೊಣದ ಅಳತೆ ಅಲ್ಲ" ಅಂದರು. ಬೈದಿದ್ದರೇ ವಾಸಿ ಇತ್ತು.

ಈ ಡಿಸೆಂಬರ್‌ನಲ್ಲಿ ಮತ್ತೆ ಹೋಗ್ತಿದ್ದೇವೆ. ಹೋಗೋ ಮೊದಲು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ನೊಣದ ಅಳತೆ ಅಂದರೆ ಏನು?

ಇದು ಶುರುವಾಗುವುದು ಅಮೆರಿಕದಲ್ಲಿ. 1851ರಲ್ಲಿ ಫಿಲಡೆಲ್ಫಿಯಾದಲ್ಲಿದ್ದ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಒಂದು ವಿಷಯ ಗಮನಿಸಿದರು. ಪೆಟ್ಟಿಗೆಯೊಳಗೆ ಎರಡು ಭಾಗಗಳ ನಡುವೆ ಸುಮಾರು 3/8 ಇಂಚು, ಅಂದರೆ 9.5 ಮಿ.ಮೀ. ಜಾಗ ಬಿಟ್ಟರೆ ಜೇನ್ನೊಣಗಳು ಅದನ್ನು ಓಡಾಡೋ ದಾರಿಯಾಗಿ ಹಾಗೇ ಉಳಿಸಿಕೊಳ್ಳುತ್ತವೆ. ಜಾಗ ಹೆಚ್ಚಾದರೆ ಅಲ್ಲಿ ಹೊಸ ಎರಿ ಕಟ್ಟುತ್ತವೆ. ಕಡಿಮೆಯಾದರೆ ಯುರೋಪಿಯನ್ ಜೇನ್ನೊಣಗಳು ಗಿಡಗಳಿಂದ ತಂದ ಅಂಟಿನಿಂದ ಅದನ್ನು ಮುಚ್ಚಿಬಿಡುತ್ತವೆ. ಇದಕ್ಕೆ ನಾವು "ಜೇನು ಅಂತರ" ಅಂತ ಕರೆಯೋಣ. ಈ ಅಂತರವನ್ನು ಚೌಕಟ್ಟಿನ ಸುತ್ತಲೂ ಬಿಟ್ಟು ಮಾಡಿದ ಪೆಟ್ಟಿಗೆಗೆ 1852ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಅದಾದ ಮೇಲೆ ಎರಿ ಕತ್ತರಿಸದೆ, ಗೂಡು ಒಡೆಯದೆ, ಲೈಬ್ರರಿಯಿಂದ ಪುಸ್ತಕ ತೆಗೆದ ಹಾಗೆ ಚೌಕಟ್ಟನ್ನು ಎತ್ತಿ ನೋಡಿ ವಾಪಸ್ ಇಡುವುದು ಸಾಧ್ಯವಾಯಿತು.

ನಮ್ಮ ತುಡುವೆ ಜೇನು ಯುರೋಪಿಯನ್ ಜೇನಿಗಿಂತ ಚಿಕ್ಕದು. ಅದಕ್ಕೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು 1910ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ ಫಾದರ್ ನ್ಯೂಟನ್ ಎಂಬ ಪಾದ್ರಿ ರೂಪಿಸಿದರು. ಐಸಾಕ್ ನ್ಯೂಟನ್ ಅಲ್ಲ, ಬೇರೆಯವರು. ಕರ್ನಾಟಕದ ಮಲೆನಾಡಿನಲ್ಲಿ ಇವತ್ತಿಗೂ ಬಳಕೆಯಲ್ಲಿರುವ "ನ್ಯೂಟನ್ ಪೆಟ್ಟಿಗೆ" ಇದೇ. ಇದರ ಚೌಕಟ್ಟಿನ ಒಳ ಅಳತೆ ಸುಮಾರು 210 × 145 ಮಿ.ಮೀ. ತುಡುವೆಗೆ ಜೇನು ಅಂತರವೂ ಸ್ವಲ್ಪ ಕಡಿಮೆ, ಸುಮಾರು 7ರಿಂದ 8 ಮಿ.ಮೀ. ಪಕ್ಕಪಕ್ಕದ ಎರಿಗಳ ಮಧ್ಯದಿಂದ ಮಧ್ಯಕ್ಕೆ ತುಡುವೆಯಲ್ಲಿ 30ರಿಂದ 32 ಮಿ.ಮೀ., ಯುರೋಪಿಯನ್ ಜೇನಿನಲ್ಲಿ 35 ಮಿ.ಮೀ. ಆಸುಪಾಸು.

ಚಳಿಗಾಲದಲ್ಲೇ ಯಾಕೆ?

ಅಮೆರಿಕದ ಉತ್ತರ ಭಾಗ, ಕೆನಡಾ, ಯುರೋಪ್‌ಗಳಲ್ಲಿ ಚಳಿಗಾಲ ಅಂದರೆ ಜೇನು ಸಾಕುವವರ ವರ್ಕ್‌ಶಾಪ್ ಕಾಲ. ಹೊರಗೆ ಸುಮಾರು 14 ಡಿಗ್ರಿಗಿಂತ ಕೆಳಗಿಳಿದರೆ ನೊಣಗಳು ಒಟ್ಟಾಗಿ ಉಂಡೆ ಕಟ್ಟಿಕೊಂಡು ಮೈಬಿಸಿ ಉಳಿಸಿಕೊಳ್ಳುತ್ತವೆ. ಆಗ ಪೆಟ್ಟಿಗೆ ತೆರೆಯುವ ಹಾಗಿಲ್ಲ. ಇರೋ ಕೆಲಸ ಅಂದರೆ ಗ್ಯಾರೇಜ್‌ನಲ್ಲಿ ಕೂತು ಮೊಳೆ ಹೊಡೆಯೋದು, ಬಣ್ಣ ಬಳಿಯೋದು.

ವಸಂತ ಬಂದ ಮೇಲೆ ಮಾಡಿದರೆ ಆಗಲ್ವಾ? ಲೆಕ್ಕ ಹಾಕೋಣ. ಒಳ್ಳೆಯ ರಾಣಿ ವಸಂತದಲ್ಲಿ ದಿನಕ್ಕೆ 1500 ಮೊಟ್ಟೆ ಇಡಬಲ್ಲದು. ಲ್ಯಾಂಗ್‌ಸ್ಟ್ರಾತ್‌ನ ದೊಡ್ಡ ಚೌಕಟ್ಟಿನ ಎರಡೂ ಬದಿ ಸೇರಿ ಸುಮಾರು 6500 ಕೋಶಗಳು. ಅಂದರೆ ನಾಲ್ಕೈದು ದಿನಕ್ಕೆ ಒಂದು ಚೌಕಟ್ಟು ಭರ್ತಿ. ಮೊಟ್ಟೆಯಿಂದ ದುಡಿಮೆಗಾರ ನೊಣ ಹೊರಬರಲು 21 ದಿನ. ಅಲ್ಲಿಯವರೆಗೆ ಆ ಕೋಶ ಖಾಲಿ ಆಗಲ್ಲ. ಜಾಗ ಸಾಲದಾದರೆ ಕುಟುಂಬ ಹೊಸ ರಾಣಿ ಬೆಳೆಸೋಕೆ ಶುರು ಮಾಡುತ್ತದೆ. ಆ ರಾಣಿ ಕೋಶಕ್ಕೆ ಮೊಟ್ಟೆ ಇಟ್ಟು ಎಂಟು ಒಂಬತ್ತು ದಿನಕ್ಕೆ ಮುಚ್ಚಳ ಬೀಳುತ್ತದೆ. ಅದೇ ಹೊತ್ತಿಗೆ ಹಳೆಯ ರಾಣಿ ಅರ್ಧ ಕುಟುಂಬ ಕರೆದುಕೊಂಡು ಪಾಲಾಗಿ ಹಾರಿಹೋಗುತ್ತದೆ. ಅಂದರೆ ಡೆಡ್‌ಲೈನ್ ಒಂದು ವಾರ. ನಮ್ಮ ಅಸೈನ್‌ಮೆಂಟ್ ಥರ ಎಕ್ಸ್‌ಟೆನ್ಶನ್ ಕೇಳೋಕೆ ಆಗಲ್ಲ.

ನಮ್ಮ ಮಲೆನಾಡಿನಲ್ಲಿ ಹಿಮ ಇಲ್ಲ, ನೊಣಗಳು ಚಳಿಗಾಲದಲ್ಲೂ ಹಾರಾಡುತ್ತವೆ. ಆದರೂ ಡಿಸೆಂಬರ್-ಜನವರಿಯೇ ಸರಿಯಾದ ಕಾಲ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಆ ಹೂ ಇರುವುದು ಕೆಲವೇ ದಿನ. ಆಗ ಪೆಟ್ಟಿಗೆ ಹುಡುಕ್ತಾ ಕೂತರೆ ಮುಗೀತು.

ಪಾಠ 1: ಒಳಗಿನಿಂದ ಹೊರಗೆ ಲೆಕ್ಕ ಹಾಕಿ

ನಾವು ಮಾಡಿದ ಮೊದಲ ತಪ್ಪು ಇದು. ಅಟ್ಟದಿಂದ ಒಂದು ಹಳೇ ಪೆಟ್ಟಿಗೆ ಇಳಿಸಿ, ಟೇಪ್ ಹಿಡಿದು ಹೊರಗಿನ ಉದ್ದ, ಅಗಲ, ಎತ್ತರ ಬರೆದುಕೊಂಡೆವು. ಅಜ್ಜನ ಪೆಟ್ಟಿಗೆಯ ಹಲಗೆ 22 ಮಿ.ಮೀ. ದಪ್ಪ, ನಾವು ತಂದ ಸಿಲ್ವರ್ ಓಕ್ ಹಲಗೆ 19 ಮಿ.ಮೀ. ಹೊರ ಅಳತೆ ಒಂದೇ ಇಟ್ಟರೆ ಒಳಗೆ ಎರಡು ಬದಿ ಸೇರಿ 6 ಮಿ.ಮೀ. ಜಾಸ್ತಿ ಆಗುತ್ತೆ, ಒಂದೊಂದು ಬದಿಗೆ 3. ಚೌಕಟ್ಟಿನ ಪಕ್ಕದಲ್ಲಿ 8 ಇರಬೇಕಾದ ಅಂತರ 11 ಆಯಿತು. ನೊಣಗಳು ಅಲ್ಲಿ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಜೋಡಿಸಿಬಿಟ್ಟವು. ಮಾರ್ಚ್‌ನಲ್ಲಿ ಅಜ್ಜ ಚೌಕಟ್ಟು ಎತ್ತಿದಾಗ ಎರಿ ಹರಿದು ಮರಿಗಳು ಕೆಳಗೆ ಬಿದ್ದವು.

ಸರಿಯಾದ ಕ್ರಮ ಇದಕ್ಕೆ ಉಲ್ಟಾ. ಮೊದಲು ಚೌಕಟ್ಟು, ಆಮೇಲೆ ಅಂತರ, ಆಮೇಲೆ ಒಳ ಅಳತೆ, ಕೊನೆಗೆ ಹಲಗೆಯ ದಪ್ಪ ಕೂಡಿಸಿ ಹೊರ ಅಳತೆ. ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ಉದ್ದವನ್ನೇ ನೋಡಿ. ಚೌಕಟ್ಟಿನ ಉದ್ದ, ನೇತಾಡುವ ಕಿವಿಗಳನ್ನು ಬಿಟ್ಟು, 448 ಮಿ.ಮೀ. ಎರಡು ಬದಿಗೆ 9.5ರಂತೆ 19 ಕೂಡಿಸಿದರೆ ಒಳ ಉದ್ದ 467. ಎರಡು ಹಲಗೆಗೆ 19ರಂತೆ 38 ಕೂಡಿಸಿದರೆ ಹೊರ ಉದ್ದ 505. ಹಲಗೆ ದಪ್ಪ ಬದಲಾದರೆ ಕೊನೆಯ ಸಂಖ್ಯೆ ಮಾತ್ರ ಬದಲಾಗಬೇಕು, 467 ಅಲುಗಬಾರದು. ಪೆಟ್ಟಿಗೆ ಅನ್ನೋದು ಮರದಿಂದ ಮಾಡಿದ್ದು ಅಂತ ನಮಗೆ ಕಾಣುತ್ತೆ. ನೊಣಕ್ಕೆ ಅದು ಅಂತರಗಳಿಂದ ಮಾಡಿದ್ದು. ಆದ್ದರಿಂದ ಪೆಟ್ಟಿಗೆಯನ್ನು ಕಾಪಿ ಮಾಡಬೇಡಿ, ಅಂತರವನ್ನು ಕಾಪಿ ಮಾಡಿ.

ಇನ್ನೊಂದು ಎಚ್ಚರ. ಒಂದರ ಮೇಲೊಂದು ಕೋಣೆ ಇಡುವಾಗ ಅಂತರವನ್ನು ಚೌಕಟ್ಟಿನ ಮೇಲ್ಗಡೆ ಬಿಡುವ ಪದ್ಧತಿ ಇದೆ, ಕೆಳಗಡೆ ಬಿಡುವ ಪದ್ಧತಿಯೂ ಇದೆ. ಯಾವುದಾದರೂ ಒಂದನ್ನು ಹಿಡಿಯಿರಿ. ಎರಡನ್ನೂ ಮಿಕ್ಸ್ ಮಾಡಿದರೆ ಕೋಣೆಗಳ ನಡುವೆ ಒಂದು ಕಡೆ ಡಬಲ್ ಅಂತರ, ಇನ್ನೊಂದು ಕಡೆ ಸೊನ್ನೆ.

ಪಾಠ 2: ಮರ ಒಣಗುತ್ತೆ, ಆದರೆ ಎಲ್ಲಾ ಕಡೆ ಒಂದೇ ಥರ ಅಲ್ಲ

ಎರಡನೇ ತಪ್ಪು ಇನ್ನೂ ದೊಡ್ಡದು. ಮಿಲ್‌ನಲ್ಲಿ ಆಗತಾನೇ ಕುಯ್ದ ಹಲಗೆ ತಂದು ಮಾರನೇ ದಿನವೇ ಕೆಲಸ ಶುರು ಮಾಡಿದೆವು. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ. ತೇವಾಂಶ ಶೇ. 1ರಷ್ಟು ಇಳಿದರೆ ಹಲಗೆಯ ಅಗಲ ಸುಮಾರು ಶೇ. 0.2ರಷ್ಟು ಕಡಿಮೆಯಾಗುತ್ತೆ ಅಂತ ಇಟ್ಟುಕೊಳ್ಳಿ. ತೇವ 22ರಿಂದ 12ಕ್ಕೆ ಇಳಿದರೆ ಶೇ. 2.

ಪೆಟ್ಟಿಗೆಯಲ್ಲಿ ಹಲಗೆಯ ಅಗಲವೇ ಪೆಟ್ಟಿಗೆಯ ಎತ್ತರ. ನಮ್ಮದು 170 ಮಿ.ಮೀ. ಇತ್ತು. ಅದರ ಶೇ. 2 ಅಂದರೆ 3.4 ಮಿ.ಮೀ. ಆದರೆ ಒಳಗಿನ ಚೌಕಟ್ಟಿನ ಪಕ್ಕದ ಪಟ್ಟಿಯಲ್ಲಿ ಎಳೆ ಮೇಲಿನಿಂದ ಕೆಳಕ್ಕೆ ಇರೋದರಿಂದ ಅದು ಗಿಡ್ಡ ಆಗಲ್ಲ. ಪೆಟ್ಟಿಗೆ ಕುಗ್ಗಿತು, ಚೌಕಟ್ಟು ಕುಗ್ಗಲಿಲ್ಲ. ಚೌಕಟ್ಟಿನ ತಳಕ್ಕೂ ಪೆಟ್ಟಿಗೆಯ ಅಡಿಹಲಗೆಗೂ ನಾವು ಬಿಟ್ಟಿದ್ದ 8 ಮಿ.ಮೀ. ಬೇಸಿಗೆ ಹೊತ್ತಿಗೆ 5ಕ್ಕಿಂತ ಕೆಳಗಿಳಿಯಿತು. ನೊಣಗಳಿಗೆ ಅಡಿಗೆ ಹೋಗಿ ಕಸ ತೆಗೆಯೋಕೆ ಆಗಲಿಲ್ಲ. ಆ ಕಸದಲ್ಲಿ ಮೇಣದ ಪತಂಗದ ಹುಳುಗಳು ಬೆಳೆದು ಎರಿಗೆ ಹತ್ತಿದವು. ತುಡುವೆ ಜೇನು ಇಂಥದ್ದನ್ನು ಸಹಿಸಿಕೊಂಡು ಕೂರುವುದಿಲ್ಲ, ಗೂಡನ್ನೇ ಬಿಟ್ಟು ಹೋಗುತ್ತದೆ. ಹೋಯಿತು.

ಹಾಗಾದರೆ ಎರಡನೇ ಪೆಟ್ಟಿಗೆ ಹೇಗೆ ಉಳಿಯಿತು? ಅದರ ಕಥೆ ತಮಾಷೆಯಾಗಿದೆ. ಹೊಸ ಹಲಗೆ ಸಾಲದೆ, ಅಟ್ಟದ ಮುರುಕು ಪೆಟ್ಟಿಗೆಯೊಂದರ ಹಲಗೆ ಬಿಚ್ಚಿ ಅದರಲ್ಲೇ ಮಾಡಿದ್ದೆವು. 22 ಮಿ.ಮೀ. ದಪ್ಪ, ಮೂವತ್ತು ವರ್ಷ ಒಣಗಿದ ಮರ. ನಮ್ಮ ಎರಡೂ ತಪ್ಪುಗಳು ಅಲ್ಲಿ ತಾವಾಗಿಯೇ ತಪ್ಪಿಹೋಗಿದ್ದವು. ಅದು ನಮ್ಮ ಜಾಣತನ ಅಲ್ಲ, ಅಜ್ಜನ ಮರದ ಜಾಣತನ.

ಮರ ಒಣಗಿದೆಯಾ ಅಂತ ತಿಳಿಯೋಕೆ ದುಬಾರಿ ಮೀಟರ್ ಬೇಡ. ಹಲಗೆಯ ಒಂದು ತುಂಡನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೂರು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಮರ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಅಂತ ಅರ್ಥ. ಹಲಗೆಗಳ ನಡುವೆ ಪಟ್ಟಿ ಕೊಟ್ಟು, ನೆರಳಲ್ಲಿ ಗಾಳಿಯಾಡುವ ಹಾಗೆ ಜೋಡಿಸಿಡಿ. ಈ ಬಾರಿಯ ಹಲಗೆಯನ್ನು ಗೆಳೆಯ ಬೇಸಿಗೆಯಲ್ಲೇ ತಂದು ಅಟ್ಟದಲ್ಲಿ ಹೀಗೇ ಇಟ್ಟಿದ್ದಾನೆ.

ಪಾಠ 3: ಮೂಲೆ, ಜಿಗ್, ಗೇಜ್

ಪೆಟ್ಟಿಗೆಯ ನಾಲ್ಕು ಹಲಗೆ ಸರಿಯಾಗಿ ಕುಯ್ದಿದ್ದರೂ ಜೋಡಿಸುವಾಗ ಅದು ಓರೆ ಆಗಬಹುದು. ಅಂಟು ಹಸಿಯಾಗಿರುವಾಗಲೇ ಎರಡು ಕರ್ಣಗಳನ್ನು ಅಳೆಯಿರಿ. ಎರಡೂ ಒಂದೇ ಆದರೆ ಮೂಲೆ 90 ಡಿಗ್ರಿ. ಒಂದು ಉದ್ದ ಇದ್ದರೆ ಆ ಕರ್ಣದ ದಿಕ್ಕಿನಲ್ಲಿ ಕ್ಲ್ಯಾಂಪ್ ಹಾಕಿ ಒತ್ತಿ. ಅಂಟು ನೀರಿಗೆ ಬಿಡದಂಥದ್ದು ಬೇಕು. ಚಳಿ ದೇಶಗಳಲ್ಲಿ ಇನ್ನೊಂದು ತೊಂದರೆ: ಸುಮಾರು 10 ಡಿಗ್ರಿಗಿಂತ ಕಡಿಮೆ ಇದ್ದರೆ ಸಾಮಾನ್ಯ ಬಿಳಿ ಅಂಟು ಸುಣ್ಣದ ಪುಡಿಯ ಹಾಗೆ ಆಗಿ ಹಿಡಿಯುವುದೇ ಇಲ್ಲ. ಅದಕ್ಕೇ ಅಲ್ಲಿನವರು ಅಂಟಿಸಿದ ಪೆಟ್ಟಿಗೆಯನ್ನು ಮನೆಯೊಳಗೆ ತಂದಿಡುತ್ತಾರೆ. ಬಣ್ಣ ಹೊರಗೆ ಮಾತ್ರ. ಒಳಗೆ ಮರ ಹಾಗೇ ಇರಲಿ, ನೊಣಗಳ ಉಸಿರಿನ ತೇವವನ್ನು ಅದು ಸ್ವಲ್ಪ ಹೀರಿಕೊಳ್ಳುತ್ತದೆ.

ಚೌಕಟ್ಟು ಒಂದೆರಡು ಆದರೆ ಕೈಯಲ್ಲೇ ಮಾಡಬಹುದು. ಐವತ್ತು ಆದರೆ ಜಿಗ್ ಬೇಕು. ಹತ್ತು ಚೌಕಟ್ಟಿನ ಪಕ್ಕದ ಪಟ್ಟಿಗಳನ್ನು ಒಟ್ಟಿಗೆ ನಿಲ್ಲಿಸಿ ಹಿಡಿಯುವ ಒಂದು ಸಾದಾ ಮರದ ಪೆಟ್ಟಿಗೆಯೇ ಜಿಗ್. ಮೇಲ್ಪಟ್ಟಿಗಳನ್ನು ಅಂಟು ಹಚ್ಚಿ ಮೊಳೆ ಹೊಡೆಯಿರಿ, ಜಿಗ್ ತಿರುಗಿಸಿ ಕೆಳಪಟ್ಟಿಗಳನ್ನು ಹೊಡೆಯಿರಿ. ಮೇಲಿನಿಂದ ಹೊಡೆದ ಮೊಳೆ ಸಾಲದು, ಪಕ್ಕದಿಂದ ಮೇಲ್ಪಟ್ಟಿಯ ಕಿವಿಯ ಕೆಳಗೆ ಒಂದು ಅಡ್ಡ ಮೊಳೆಯೂ ಬೇಕು. ಚೌಕಟ್ಟನ್ನು ಎತ್ತುವಾಗ ಮೇಲಿನ ಮೊಳೆ ತನ್ನ ಉದ್ದದ ದಿಕ್ಕಿನಲ್ಲೇ ಎಳೆಯಲ್ಪಟ್ಟು ಕಿತ್ತುಬರುತ್ತದೆ, ಅಡ್ಡ ಮೊಳೆ ಶಿಯರ್‌ನಲ್ಲಿ ಭಾರ ಹೊರುತ್ತದೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸ್ ನಮಗೆ ಇಲ್ಲಿ ಅರ್ಥ ಆಯಿತು.

ಕೊನೆಗೆ ಚೆಕ್ ಮಾಡೋದು ಹೇಗೆ? ವರ್ನಿಯರ್ ಒಳಗೆ ಹೋಗಲ್ಲ. ಎರಡು ಡ್ರಿಲ್ ಬಿಟ್ ತಗೊಳ್ಳಿ, 6 ಮಿ.ಮೀ. ಮತ್ತು 9 ಮಿ.ಮೀ. ಅವುಗಳ ನುಣುಪಾದ ಹಿಂಬದಿಯನ್ನು ಚೌಕಟ್ಟಿನ ಸುತ್ತಲಿನ ಅಂತರದಲ್ಲಿ ತೂರಿಸಿ ನೋಡಿ. ತುಡುವೆ ಪೆಟ್ಟಿಗೆಯಲ್ಲಿ 6 ಹೋಗಬೇಕು, 9 ಹೋಗಬಾರದು. ಮೆಟ್ರಾಲಜಿಯ ಗೋ, ನೋ-ಗೋ ಗೇಜ್ ಇದೇ. ನಮ್ಮ ಹಳೇ ಪೆಟ್ಟಿಗೆಗೆ ಈ ಟೆಸ್ಟ್ ಮಾಡಿದ್ದರೆ ಡಿಸೆಂಬರ್‌ನಲ್ಲೇ ಪಕ್ಕದ ಅಂತರದ ತಪ್ಪು ಸಿಕ್ಕಿಬೀಳುತ್ತಿತ್ತು. ಐದು ನಿಮಿಷದ ಕೆಲಸ.

ಪಾಠ 4: ತಂತಿ ಮತ್ತು ಓಮ್‌ನ ನಿಯಮ

ಚೌಕಟ್ಟಿನಲ್ಲಿ ಮೇಣದ ಹಾಳೆ ಕೂರಿಸಿದರೆ ನೊಣಗಳು ಅದರ ಮೇಲೆ ನೇರವಾಗಿ ಎರಿ ಕಟ್ಟುತ್ತವೆ. ಈ ಹಾಳೆಯನ್ನು 1857ರಲ್ಲಿ ಜರ್ಮನಿಯ ಯೋಹಾನೆಸ್ ಮೆಹ್ರಿಂಗ್ ರೂಪಿಸಿದರು. 1865ರಲ್ಲಿ ಫ್ರಾಂಜ್ ಹ್ರುಷ್ಕಾ ಎರಿಯನ್ನು ತಿರುಗಿಸಿ ಜೇನು ತೆಗೆಯುವ ಯಂತ್ರ ತಂದರು. ತಿರುಗಿಸುವಾಗ ಎರಿ ಒಡೆಯದಿರಲಿ ಅಂತ ಹಾಳೆಯೊಳಗೆ ತಂತಿ ಹುದುಗಿಸುತ್ತಾರೆ. ಬಿಗಿಯಾದ ತಂತಿಯ ಮೇಲೆ ಹಾಳೆ ಇಟ್ಟು, ತಂತಿಗೆ ಕ್ಷಣಕಾಲ ಕರೆಂಟ್ ಕೊಟ್ಟರೆ ಅದು ಬಿಸಿಯಾಗಿ ಮೇಣದೊಳಗೆ ಇಳಿಯುತ್ತದೆ. ಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ.

ವಿದೇಶಿಯರು ಇದಕ್ಕೆ 12 ವೋಲ್ಟ್ ಬ್ಯಾಟರಿ ಬಳಸುವುದನ್ನು ವಿಡಿಯೋದಲ್ಲಿ ನೋಡಿ ನಾವೂ ಹಾಗೇ ಮಾಡಿದೆವು. ತಂತಿ ಹಾಳೆಯನ್ನು ಚಾಕುವಿನ ಹಾಗೆ ಕುಯ್ದು ಹಾಕಿತು. ಆರು ಹಾಳೆ ಹಾಳಾದ ಮೇಲೆ ಪೆನ್ನು ಹಿಡಿದೆವು.

0.4 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ತಂತಿಯ ರೆಸಿಸ್ಟೆನ್ಸ್ ಮೀಟರ್‌ಗೆ ಸುಮಾರು 5.7 ಓಮ್. ಲ್ಯಾಂಗ್‌ಸ್ಟ್ರಾತ್ ಚೌಕಟ್ಟಿನಲ್ಲಿ 0.43 ಮೀಟರ್‌ನ ನಾಲ್ಕು ಸಾಲು, ಒಟ್ಟು 1.72 ಮೀಟರ್, ಅಂದರೆ 9.8 ಓಮ್. 12 ವೋಲ್ಟ್‌ಗೆ 1.2 ಆಂಪಿಯರ್, ಸುಮಾರು 15 ವ್ಯಾಟ್. ಮೀಟರ್‌ಗೆ 8.5 ವ್ಯಾಟ್. ಇಷ್ಟಕ್ಕೆ ತಂತಿ ಸೆಕೆಂಡಿಗೆ ಹೆಚ್ಚೆಂದರೆ 17 ಡಿಗ್ರಿ ಏರುತ್ತದೆ. ಕೆಲವು ಸೆಕೆಂಡ್ ಸ್ವಿಚ್ ಹಿಡಿದರೆ ಸಾಕು, ಕೈಗೆ ಸಮಯ ಸಿಗುತ್ತದೆ.

ನ್ಯೂಟನ್ ಚೌಕಟ್ಟಿನಲ್ಲಿ 0.21 ಮೀಟರ್‌ನ ಮೂರು ಸಾಲು, 0.63 ಮೀಟರ್, 3.6 ಓಮ್. ಅದೇ 12 ವೋಲ್ಟ್‌ಗೆ 3.3 ಆಂಪಿಯರ್, 40 ವ್ಯಾಟ್. ಮೀಟರ್‌ಗೆ 63 ವ್ಯಾಟ್, ಏಳು ಪಟ್ಟಿಗಿಂತ ಹೆಚ್ಚು. ವೋಲ್ಟೇಜ್ ಒಂದೇ ಇದ್ದರೆ ಮೀಟರ್‌ಗೆ ಸಿಗುವ ಬಿಸಿ ಉದ್ದದ ವರ್ಗಕ್ಕೆ ವಿಲೋಮ ಅನ್ನೋದು ಆವಾಗ ತಲೆಗೆ ಹೋಯಿತು. ಸೆಕೆಂಡಿಗೆ ನೂರು ಡಿಗ್ರಿ ದಾಟಿದರೆ ಯಾರ ಕೈಯೂ ಸ್ವಿಚ್ ಬಿಡುವಷ್ಟು ಚುರುಕಲ್ಲ. 5 ವೋಲ್ಟ್‌ಗೆ ಇಳಿಸಿದರೆ 1.4 ಆಂಪಿಯರ್, 7 ವ್ಯಾಟ್, ಮೀಟರ್‌ಗೆ 11 ವ್ಯಾಟ್. ಕರೆಂಟ್ ಲಿಮಿಟ್ ಇರುವ ಬೆಂಚ್ ಪವರ್ ಸಪ್ಲೈ ಬಳಸಿದರೆ ಒಳ್ಳೆಯದು. ಮನೆಯ 230 ವೋಲ್ಟ್ ಲೈನ್‌ನ ಹತ್ತಿರವೂ ತಂತಿ ಒಯ್ಯಬೇಡಿ.

ಇಲ್ಲೂ ಕಥೆ ಅದೇ ನೋಡಿ. ದೊಡ್ಡ ಪೆಟ್ಟಿಗೆಗೆ ಸರಿಯಾದ ಸಂಖ್ಯೆಯನ್ನು ಲೆಕ್ಕ ಹಾಕದೆ ಚಿಕ್ಕ ಪೆಟ್ಟಿಗೆಗೆ ತಂದಿದ್ದೆವು.

ಹಾಳೆ ಕೂರಿಸುವ ಕೆಲಸವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಕೊರೆಯುವ ಚಳಿಯಲ್ಲಿ ಮೇಣದ ಹಾಳೆ ಗಾಜಿನ ಹಾಗೆ ಒಡೆಯುತ್ತದೆ, ನಮ್ಮ ಕಡೆಯ ಹೆಂಚಿನ ಕೆಳಗಿನ ಸೆಕೆಗೆ ಬಾಗಿಹೋಗುತ್ತದೆ.

ಪಾಠ 5: ಹಳೆಯದನ್ನು ಸ್ವಚ್ಛ ಮಾಡೋದು

ಅಟ್ಟದ ಪೆಟ್ಟಿಗೆಗಳನ್ನು ಮತ್ತೆ ಬಳಸುವ ಮೊದಲು ಹಳೇ ಮೇಣ, ಹುಳುವಿನ ಬಲೆ, ಕಸ ಎಲ್ಲವನ್ನೂ ಕೆರೆದು ತೆಗೆಯಬೇಕು. ಆಮೇಲೆ ಬ್ಲೋ ಟಾರ್ಚ್‌ನಿಂದ ಒಳಗೋಡೆ ತೆಳುವಾಗಿ ಕಂದು ಬಣ್ಣಕ್ಕೆ ತಿರುಗುವಷ್ಟು ಸುಡಬೇಕು, ಮೂಲೆಗಳಲ್ಲಿ ಸ್ವಲ್ಪ ಹೆಚ್ಚು. ಮೇಣದ ಪತಂಗದ ಮೊಟ್ಟೆಗಳು ಅಡಗುವುದು ಮೂಲೆಯ ಸಂದಿಯಲ್ಲೇ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಚಳಿ ದೇಶಗಳಲ್ಲಿ ಇನ್ನೂ ಗಂಭೀರವಾದ ರೋಗವೊಂದಿದೆ, ಅಮೆರಿಕನ್ ಫೌಲ್‌ಬ್ರೂಡ್. ಅದರ ಬ್ಯಾಕ್ಟೀರಿಯಾದ ಬೀಜಕಗಳು ಮರದಲ್ಲಿ ದಶಕಗಳ ಕಾಲ ಬದುಕಿರುತ್ತವೆ. ಆದ್ದರಿಂದ ಎಲ್ಲಿಂದಲೋ ಅಗ್ಗಕ್ಕೆ ಸಿಕ್ಕಿತು ಅಂತ ಇತಿಹಾಸ ಗೊತ್ತಿಲ್ಲದ ಪೆಟ್ಟಿಗೆ ಕೊಳ್ಳಬಾರದು.

ಕೆರೆದ ಮೇಣವನ್ನು ಬಿಸಾಡಬೇಡಿ. ನೇರ ಬೆಂಕಿಯ ಮೇಲೂ ಇಡಬೇಡಿ, ಹತ್ತಿಕೊಳ್ಳುತ್ತದೆ. ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಚಿಕ್ಕ ಪಾತ್ರೆ ಇಟ್ಟು ಕರಗಿಸಿ, ಬಟ್ಟೆಯಲ್ಲಿ ಸೋಸಿ.

ಕೊನೆಯ ಕೆಲಸ ಸ್ಟ್ಯಾಂಡ್. ಅಲ್ಲಿನವರು ಚಳಿಗಾಲಕ್ಕೆ ಇಲಿ ನುಗ್ಗದಂತೆ ಬಾಗಿಲು ಚಿಕ್ಕದು ಮಾಡುತ್ತಾರೆ. ನಮ್ಮ ಶತ್ರು ಇರುವೆ. ಸ್ಟ್ಯಾಂಡ್‌ನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ, ನೀರು ಒಣಗದಂತೆ ನೋಡಿಕೊಳ್ಳಿ.

ಈ ರಜೆಯ ಪ್ಲಾನ್

ಮೊದಲ ಎರಡು ದಿನ ಹಳೇ ಪೆಟ್ಟಿಗೆ ಕೆರೆದು ಸುಡುವುದು. ಮೂರನೇ ದಿನ ಚೌಕಟ್ಟಿನ ಜಿಗ್. ಆಮೇಲೆ ನಾಲ್ಕು ದಿನ ಚೌಕಟ್ಟುಗಳು, ಅವುಗಳನ್ನು ಅಳೆದ ಮೇಲೆಯೇ ಪೆಟ್ಟಿಗೆಯ ಹಲಗೆ ಕುಯ್ಯುವುದು. ಪ್ರತಿ ಪೆಟ್ಟಿಗೆಯ ಹೊರಗೆ ಪೆನ್ಸಿಲ್‌ನಲ್ಲಿ ನಾಲ್ಕು ಸಂಖ್ಯೆ: ಎಡ, ಬಲ, ಮೇಲೆ, ಕೆಳಗೆ ಎಷ್ಟು ಅಂತರ ಅಂತ. ಮಾರ್ಚ್‌ನಲ್ಲಿ ಖಾಲಿ ಪೆಟ್ಟಿಗೆ ಒಂದನ್ನು ಮತ್ತೆ ಅಳೆದು ಪಕ್ಕದಲ್ಲೇ ಬರೆಯುತ್ತೇವೆ. ಮರ ಎಷ್ಟು ಕುಗ್ಗಿತು ಅಂತ ಆಗ ಊಹೆ ಮಾಡಬೇಕಿಲ್ಲ.

ಒಟ್ಟು ಆರು ಪೆಟ್ಟಿಗೆ ಗುರಿ. ಬರಲು ಇಷ್ಟ ಇದ್ದವರು ಕನ್ನಡ ಸಂಘದ ಕೋಣೆಗೆ ಬಂದು ಹೆಸರು ಬರೆಸಿ. ಮೆಕ್ಯಾನಿಕಲ್‌ನವರೇ ಆಗಬೇಕಂತಿಲ್ಲ. ತಂತಿಯ ಲೆಕ್ಕ ಹಾಕಿದ್ದು ನಮ್ಮ ಜೊತೆಗಿದ್ದ ಎಲೆಕ್ಟ್ರಿಕಲ್‌ನವಳು. ಆ ಆರು ಹಾಳೆ ಕುಯ್ಯುವ ಮೊದಲು ಅವಳ ಮಾತು ಕೇಳದವರು ಉಳಿದ ಮೂವರು.

ಕಳೆದ ವಾರ ಗೆಳೆಯ ಫೋನ್ ಮಾಡಿದಾಗ ಅಜ್ಜ ಹಿಂದಿನಿಂದ ಏನೋ ಹೇಳ್ತಿದ್ದರು. ಏನಂತೆ ಅಂತ ಕೇಳಿದೆವು. "ಬರುವಾಗ ಆ ಎರಡು ಡ್ರಿಲ್ ಬಿಟ್ ಮರೀಬೇಡಿ ಅಂತೆ" ಅಂದ.